ಯಂತ್ರ ಬರೆದದ್ದಕ್ಕೆ ಹೊಣೆ ಯಾರು?

ಪ್ರಶ್ನೆ: ಕಚೇರಿಯ ವರದಿಯನ್ನು ಚಾಟ್‌ಜಿಪಿಟಿಯಿಂದ ಬರೆಸಿ ನನ್ನ ಹೆಸರಲ್ಲಿ ಕೊಟ್ಟರೆ ತಪ್ಪೇ?

ಉತ್ತರ: ಬರೆಸುವುದಕ್ಕಿಂತ, ಪರಿಶೀಲಿಸದೆ ಸಹಿ ಹಾಕುವುದೇ ದೊಡ್ಡ ತಪ್ಪು. 2023ರಲ್ಲಿ ನ್ಯೂಯಾರ್ಕ್‌ನ ವಕೀಲರೊಬ್ಬರು ಆವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಗೆ ಹಳೆಯ ತೀರ್ಪುಗಳನ್ನು ಚಾಟ್‌ಜಿಪಿಟಿಯಲ್ಲಿ ಹುಡುಕಿದರು. ಅದು ಕೊಟ್ಟ ಆರು ತೀರ್ಪುಗಳನ್ನು ಯಾವ ಕೋರ್ಟೂ ಕೊಟ್ಟಿರಲೇ ಇಲ್ಲ. ಅನುಮಾನ ಬಂದು ‘ಇವು ನಿಜವೇ?’ ಎಂದು ಕೇಳಿದ್ದೂ ಅದನ್ನೇ! ಕಳ್ಳನನ್ನೇ ಸಾಕ್ಷಿಗೆ ಕರೆದಂತೆ. ಅದು ನಿಜವೆಂದಿತು. ಆ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದಕ್ಕೆ ಅವರಿಗೂ ಸಹೋದ್ಯೋಗಿ ವಕೀಲರೊಬ್ಬರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ಆದರೂ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಇಂಥ ನೆರವು ಪಡೆಯುವುದೇ ಅನುಚಿತ ಎನ್ನಲಿಲ್ಲ. ಸಲ್ಲಿಸಿದ್ದು ಸರಿಯಿದೆಯೇ ಎಂದು ನೋಡುವ ಹೊಣೆ ವಕೀಲರದು ಎಂದರು.

ಗ್ರಾಹಕರ ವಿವರ, ಕಂಪನಿಯ ಗುಟ್ಟನ್ನಂತೂ ಚಾಟ್‌ಜಿಪಿಟಿಗೆ ಕೊಡಲೇಬೇಡಿ. ಸಿಬ್ಬಂದಿ ಕಂಪನಿಯ ಕೋಡನ್ನು ಅದಕ್ಕೆ ಹಾಕಿದ್ದು ತಿಳಿದು ಸ್ಯಾಮ್‌ಸಂಗ್ ಅದೇ ವರ್ಷ ಇಂಥ ಸಾಧನಗಳ ಬಳಕೆ ನಿಷೇಧಿಸಿತು. ಯಂತ್ರದ ನೆರವು ಪಡೆದದ್ದನ್ನು ಮೇಲಧಿಕಾರಿಗೆ ಮೊದಲೇ ಹೇಳಿಬಿಡಿ.