ಬೆಲ್ಲನ ಎರಡನೇ ಸೂಜಿ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಕ್ಲಿನಿಕ್ಕಿನ ಬೆಂಚು ಭರ್ತಿ. ಬೆಂಗಳೂರಿನ ಗಿರಿನಗರದ ಅಡ್ಡರಸ್ತೆ. ಔಷಧಿ ಅಂಗಡಿ, ಅದರ ಪಕ್ಕ ಎಳನೀರಿನ ಗಾಡಿ, ನಾಲ್ಕು ಮೆಟ್ಟಿಲು ಹತ್ತಿದರೆ ಪ್ರಾಣಿ ಡಾಕ್ಟರ ಕೋಣೆ. ಬಾಗಿಲಲ್ಲೇ ನಿಂತ ಲ್ಯಾಬ್ರಡಾರ್ ಒಳಗೆ ಬಂದವರ ಮಂಡಿಗೆಲ್ಲ ಮೂಗು ತಾಗಿಸಿ ವಿಚಾರಿಸಿಕೊಳ್ಳುತ್ತಿದೆ. ನಾಯಿಯವರು ಒಬ್ಬರಿಗೊಬ್ಬರು ಹೆಸರು, ವಯಸ್ಸು, ತಳಿ ಕೇಳಿಕೊಂಡು ಆಗಲೇ ನೆಂಟರಾಗಿಬಿಟ್ಟಿದ್ದಾರೆ. ಬೆಕ್ಕಿನವರು ಗೋಡೆ ಬದಿಯ ಕುರ್ಚಿ ಹಿಡಿದಿದ್ದಾರೆ. ಅವರ ಮಾತೆಲ್ಲ ಮಡಿಲಲ್ಲಿರುವ ಬ್ಯಾಗಿನ ಜೊತೆ, ಅದೂ ಪಿಸುದನಿಯಲ್ಲಿ.

ಬ್ಯಾಗುಗಳಲ್ಲಿ ಎಷ್ಟೊಂದು ಬಗೆ. ಒಬ್ಬ ಹುಡುಗಿಯ ಬೆನ್ನಮೇಲೆ ಗಾಜಿನ ಕಿಟಕಿಯಂಥ ಗುಮ್ಮಟವಿರುವ ಬ್ಯಾಗು, ಅದರೊಳಗಿಂದ ಎರಡು ಹಸಿರು ಕಣ್ಣು. ಒಂದು ಕುಟುಂಬ ತರಕಾರಿ ಬುಟ್ಟಿಗೆ ದುಪಟ್ಟಾ ಬಿಗಿದು ತಂದಿದೆ. ದುಪಟ್ಟಾ ಒಳಗಿನಿಂದ ಆಗಾಗ ಉಬ್ಬುತ್ತದೆ, ತಾಯಿ ಮೇಲಿಂದ ಅಂಗೈ ಇಟ್ಟೊಡನೆ ತಣ್ಣಗಾಗುತ್ತದೆ. ನನ್ನದು ಮೇಲಿನಿಂದಲೂ ತೆರೆಯಬಹುದಾದ ಪ್ಲಾಸ್ಟಿಕ್ ಕ್ಯಾರಿಯರ್. ಒಳಗೆ ಬೆಲ್ಲ, ಹನ್ನೆರಡು ವಾರದ ಕೆಂಚು ಮರಿ. ಇವತ್ತು ಅವನಿಗೆ ಎರಡನೇ ಡೋಸು, ಜೊತೆಗೆ ರೇಬೀಸ್ ಲಸಿಕೆ. ಕ್ಯಾರಿಯರನ್ನು ನೆಲಕ್ಕಿಡದೆ ಪಕ್ಕದ ಕುರ್ಚಿಯ ಮೇಲಿಟ್ಟು ಟವೆಲ್ ಮುಚ್ಚಿದ್ದೇನೆ. ಲ್ಯಾಬ್ರಡಾರಿನ ಮೂಗು ಎಷ್ಟೇ ಸ್ನೇಹದ್ದಾದರೂ ಜಾಲರಿಯಾಚೆ ಕೂತ ಮರಿಗೆ ಅದು ಗೊತ್ತಾಗುವುದು ಹೇಗೆ? ಎತ್ತರವೂ ಕತ್ತಲೂ ಸಿಕ್ಕಿದರೆ ಬೆಕ್ಕಿನ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಪಕ್ಕದಲ್ಲಿ ಒಬ್ಬರು ಅಜ್ಜಿ, ಚನ್ನರಾಯಪಟ್ಟಣದ ಕಡೆಯವರು, ಮೊಮ್ಮಗನ ಪೊಮೇರಿಯನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾರೆ. ಟವೆಲಿನ ಅಂಚೆತ್ತಿ ಇಣುಕಿದವರು ಕೇಳಿಯೇಬಿಟ್ಟರು.

"ಹೊರಗೆ ಬಿಡ್ತೀಯೇನಮ್ಮ ಇದನ್ನ?"

"ಇಲ್ಲ ಅಜ್ಜಿ, ಮೂರನೇ ಮಹಡಿ. ಬಾಲ್ಕನಿಗೂ ಜಾಲರಿ ಹಾಕ್ಸಿದ್ದೀವಿ."

"ಮತ್ತೆ ಮನೇಲೇ ಇರೋದಕ್ಕೆ ಇಂಜೆಕ್ಷನ್ ಯಾಕೆ? ನಮ್ಮಲ್ಲಿ ಅಟ್ಟದ ಮೇಲೆ ಹುಟ್ಟೋವು, ಅಲ್ಲೇ ದೊಡ್ಡವಾಗೋವು. ದನದಾಸ್ಪತ್ರೆ ಮುಖ ಒಂದೂ ನೋಡಲಿಲ್ಲ."

"ಹುಟ್ಟಿದ್ದೆಲ್ಲ ಉಳೀತಿದ್ವಾ ಅಜ್ಜಿ?"

ಅವರು ಪೊಮೇರಿಯನ್ನಿನ ಕಿವಿ ಸವರುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಲಿ ಉಳೀತಿದ್ವು. ನಾಕು ಹುಟ್ಟಿದ್ರೆ ಒಂದು. ಇದ್ದಕ್ಕಿದ್ದಂಗೆ ವಾಂತಿ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸ್ಕೊಂಡು ಕೂತಿರೋವು, ಒಂದು ಗುಟುಕು ಕುಡೀತಿರಲಿಲ್ಲ. ದೃಷ್ಟಿ ತೆಗೀತಿದ್ವಿ."

ಅಜ್ಜಿ ಹೇಳಿದ ಆ ಚಿತ್ರ, ಬಾಯಾರಿಕೆಯಿದ್ದೂ ಕುಡಿಯಲಾಗದೆ ನೀರಿನ ಮೇಲೆ ತಲೆ ಜೋತುಬಿಟ್ಟು ಕೂತ ಮರಿ, ಪಶುವೈದ್ಯರ ಪುಸ್ತಕಗಳಲ್ಲಿ ಪ್ಯಾನ್‌ಲ್ಯೂಕೋಪೀನಿಯಾದ ಲಕ್ಷಣವೆಂದೇ ಇದೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋದ ಹತ್ತಿರದ ಬಂಧು ಈ ವೈರಸ್ಸು. ಕರುಳಿನ ಒಳಪದರವನ್ನೂ ಎಲುಬಿನ ಮಜ್ಜೆಯನ್ನೂ ಒಟ್ಟಿಗೇ ಹಿಡಿಯುತ್ತದೆ. ಬಿಳಿ ರಕ್ತಕಣಗಳು ಕುಸಿದು ಮರಿಯ ಮೈಯಲ್ಲಿ ಹೋರಾಡಲು ಏನೂ ಉಳಿಯುವುದಿಲ್ಲ. ರೋಗದ ಬೆಕ್ಕು ಸತ್ತು ಹೋದರೂ ವೈರಸ್ಸು ಆ ಜಾಗ ಬಿಡುವುದಿಲ್ಲ. ಮಣ್ಣಿನಲ್ಲಿ, ಮೆಟ್ಟಿಲ ಸಂದಿಯಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದವರೆಗೂ ಬದುಕಿರುತ್ತದೆ. ನಾವು ಬೀದಿ ಬೆಕ್ಕು ಓಡಾಡಿದ ಪಾರ್ಕಿಂಗಿನಲ್ಲಿ ನಡೆದು, ಲಿಫ್ಟು ಹತ್ತಿ, ಬಾಗಿಲ ಬಳಿ ಚಪ್ಪಲಿ ಬಿಡುತ್ತೇವೆ. ಮನೆಗೆ ಬಂದವರ ಸುದ್ದಿಯನ್ನು ಬೆಕ್ಕು ಮೊದಲು ಓದುವುದೇ ಆ ಚಪ್ಪಲಿಯಲ್ಲಿ. ಮೂಗು ಇಟ್ಟು, ಕೆನ್ನೆ ಉಜ್ಜಿ, ಕೆಲವು ಮರಿಗಳು ಅದರ ಮೇಲೇ ಮಲಗಿ. ಜಾಲರಿ ಬೆಕ್ಕನ್ನು ಬೀಳದಂತೆ ಕಾಯುತ್ತದೆ, ಚಪ್ಪಲಿಯಿಂದ ಕಾಯಲಾರದು. ಮನೆಯೊಳಗಿನ ಬೆಕ್ಕಿಗೆ ಲಸಿಕೆ ಯಾಕೆಂದು ಕೇಳುವವರಿಗೆಲ್ಲ ನಾನು ಬಾಗಿಲ ಮೂಲೆಯ ಆ ಚಪ್ಪಲಿ ಸಾಲನ್ನೇ ತೋರಿಸುತ್ತೇನೆ.

ಅಷ್ಟರಲ್ಲಿ ಕಾಂಪೌಂಡರ್ ಹುಡುಗ ಬಕೆಟ್ ತಂದು ಒಳಕೋಣೆ ಒರೆಸುತ್ತಾನೆ. ಬಕೆಟ್ಟಿನಲ್ಲಿರುವುದು ಬ್ಲೀಚು, ಫಿನಾಯಿಲ್ ಅಲ್ಲ. ಫೀನಾಲ್ ಸೇರಿದ ದ್ರಾವಣಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ; ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದೇ ವಿಷ. ಸೋಪು, ಸ್ಪಿರಿಟ್ಟುಗಳನ್ನು ತಡೆದುಕೊಳ್ಳುವ ಈ ವೈರಸ್ಸು ಸಾಯುವುದೂ ಬ್ಲೀಚಿಗೇ. ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಲಿ ಎಂದು ಯಾರನ್ನೂ ಒಳಗೆ ಬಿಡದೆ ಹುಡುಗ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಕಾಯುವವರು ಗೊಣಗುತ್ತಾರೆ. ನನಗಂತೂ ಇಡೀ ಕ್ಲಿನಿಕ್ಕಿನಲ್ಲಿ ಅತಿ ಹೆಚ್ಚು ಗೌರವ ಹುಟ್ಟುವುದು ಆ ಹುಡುಗನ ಮೇಲೆ.

ನಮಗಿಂತ ಮುಂಚೆ ಒಳಗೆ ಹೋದದ್ದು ದಪ್ಪ ಕೆನ್ನೆಯ ಕರಿ ಗಂಡುಬೆಕ್ಕು. ಬೇರೊಂದು ಕಡೆ ಅದನ್ನು ಕತ್ತಿನ ತೊಗಲು ಹಿಡಿದು ಮೇಜಿಗೆ ಒತ್ತಿ ಸೂಜಿ ಹಾಕಿದ್ದರಂತೆ. ಅಂದಿನಿಂದ ಬ್ಯಾಗು ಕಂಡರೆ ಸಾಕು, ಮಂಚದ ಕೆಳಗಿಂದ ಹೊರಬರುತ್ತಿರಲಿಲ್ಲ ಎಂದು ಅದರ ಒಡೆಯ, ಐಟಿ ಕಂಪನಿಯ ಯುವಕ, ಬೇಸರದಿಂದ ಹೇಳಿದ. ಈ ಡಾಕ್ಟರು ಮೊದಲ ಸಲ ಅದನ್ನು ಮುಟ್ಟದೆಯೇ ವಾಪಸು ಕಳಿಸಿ, ಗಬಾಪೆಂಟಿನ್ ಬರೆದುಕೊಟ್ಟಿದ್ದರು. ಹೊರಡುವ ಎರಡು ಮೂರು ಗಂಟೆ ಮೊದಲು ತುಸು ಊಟದಲ್ಲಿ ಬೆರೆಸಿ ಕೊಟ್ಟರೆ ಗಾಬರಿ ತಗ್ಗುತ್ತದೆ. ಪ್ರಮಾಣ ತೂಕ ನೋಡಿ ಡಾಕ್ಟರೇ ಹೇಳಬೇಕು. ಇವತ್ತು ಕರಿಯ ಕ್ಯಾರಿಯರಿನ ಕೆಳಭಾಗದಲ್ಲೇ ಕೂತು, ಮುಚ್ಚಳ ಮಾತ್ರ ತೆಗೆಸಿಕೊಂಡು, ಸೂಜಿ ಹಾಕಿಸಿಕೊಂಡು ಬಂದ. ಕತ್ತಿನ ತೊಗಲು ಹಿಡಿದೆತ್ತುವುದು ತಾಯಿಬೆಕ್ಕು ಎಳೆ ಮರಿಗೆ ಮಾಡುವ ಕೆಲಸ. ಬೆಳೆದ ಬೆಕ್ಕಿಗೆ ಅದು ಹಿಂಸೆ. ಬೆಕ್ಕಿನ ವೈದ್ಯರ ಅಂತರರಾಷ್ಟ್ರೀಯ ಸಂಘಗಳು 2022ರ ಮಾರ್ಗಸೂಚಿಯಲ್ಲಿ ಇದನ್ನು ಬಿಡಿ ಎಂದೇ ಹೇಳಿವೆ. ಆದರೂ ಆ ಕೈ ಅಭ್ಯಾಸ ನಮ್ಮ ಎಷ್ಟೋ ಕಡೆ ಇನ್ನೂ ಹೋಗಿಲ್ಲ ಎಂಬುದು ನನಗೆ ನೋವಿನ ಮಾತು.

"ಬೆಲ್ಲ!" ಹುಡುಗ ಕೂಗಿದ.

ಕ್ಯಾರಿಯರಿನ ಮೇಲ್ಬಾಗಿಲು ತೆರೆದು ಅವನನ್ನೆತ್ತಿ ಸ್ಟೀಲ್ ಮೇಜಿನ ಮೇಲಿಟ್ಟೆ. ಟವೆಲ್ ಹಾಸುವಷ್ಟರಲ್ಲಿ ಎರಡು ಹೆಜ್ಜೆ ಸರಿದಿದ್ದ. ಆ ಹೊಳೆಯುವ ಲೋಹದ ಮೇಲೆ ಒದ್ದೆ ಪಾದದ ಗುರುತು ಮೂಡಿತು: ನಡುವೆ ಒಂದು ದೊಡ್ಡ ಗುಂಡು, ಸುತ್ತ ನಾಲ್ಕು ಸಣ್ಣವು. ನೋಡುತ್ತಿದ್ದಂತೆಯೇ ಅಂಚಿನಿಂದ ಒಣಗುತ್ತ ಬಂತು. ಬೆಕ್ಕಿಗೆ ಬೆವರೊಡೆಯುವುದು ಮುಖ್ಯವಾಗಿ ಅಂಗಾಲಿನಲ್ಲಿ, ಹೆದರಿದಾಗ ಅದು ಇನ್ನೂ ಹೆಚ್ಚು. ಭಯಕ್ಕೆ ಕೂದಲೂ ಸಡಿಲವಾಗುತ್ತದೆ; ಡಾಕ್ಟರ ನೀಲಿ ತೋಳಿನ ಮೇಲೆ ಆಗಲೇ ನಾಲ್ಕಾರು ಕೆಂಚು ಎಳೆ ಅಂಟಿವೆ. ಕಣ್ಣಿನ ಪಾಪೆ ಹಿಗ್ಗಿ ಹಳದಿ ಬಣ್ಣವೇ ಕಾಣದಂತಾಗಿದೆ, ಕಿವಿ ಎರಡೂ ಬದಿಗೆ ಮಲಗಿವೆ. ಹೀಗಿದ್ದೂ ಗುರುಗುಟ್ಟುತ್ತಿದ್ದಾನೆ. ಬೆಕ್ಕು ಸುಖದಲ್ಲಿದ್ದಾಗ ಗುರುಗುಟ್ಟುವುದು ಎಲ್ಲರಿಗೂ ಗೊತ್ತು. ನೋವಿನಲ್ಲಿ, ಹೆದರಿಕೆಯಲ್ಲೂ ಅದು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತದೆ.

ಡಾಕ್ಟರು ನೇರ ಕಣ್ಣಿಟ್ಟು ನೋಡಲಿಲ್ಲ. ಬದಿಗೆ ನಿಂತು ಬೆರಳೊಂದನ್ನು ಮೂಗಿನ ಮುಂದೆ ಹಿಡಿದು ಮೂಸಲು ಬಿಟ್ಟರು. ತೂಕ 1.2 ಕಿಲೋ, ಜ್ವರವಿಲ್ಲ. ವಸಡು, ಕಿವಿ, ಹೊಟ್ಟೆ ನೋಡಿದ್ದಾಯಿತು. ಹುಷಾರಿಲ್ಲದ ಮರಿಗೆ ಲಸಿಕೆ ಹಾಕುವುದಿಲ್ಲ, ಅದಕ್ಕೇ ಇಷ್ಟು ಪರೀಕ್ಷೆ. ಆಮೇಲೆ ಫ್ರಿಜ್ಜಿನಿಂದ ಎರಡು ಪುಟ್ಟ ಸೀಸೆ ಬಂದವು. ಒಂದರ ತಳದಲ್ಲಿ ಒಣಗಿದ ಬಿಲ್ಲೆಯೊಂದು ಅಂಟಿದೆ. ಇನ್ನೊಂದರ ದ್ರವವನ್ನು ಸಿರಿಂಜಿಗೆಳೆದು ಅದರೊಳಗೆ ಬಿಟ್ಟು ಮೆಲ್ಲನೆ ತಿರುಗಿಸಿದರೆ ಬಿಲ್ಲೆ ಕರಗಿ ಮಾಯ. ಅದರಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್ಸುಗಳು, ಬೆರೆಸಿದ ಮೇಲೆ ತಡಮಾಡುವಂತಿಲ್ಲ. ಪ್ಯಾನ್‌ಲ್ಯೂಕೋಪೀನಿಯಾ, ಬೆಕ್ಕಿನ ನೆಗಡಿ ತರುವ ಹರ್ಪಿಸ್, ನಾಲಿಗೆ ಮೇಲೆ ಹುಣ್ಣೆಬ್ಬಿಸುವ ಕ್ಯಾಲಿಸಿ, ಮೂರಕ್ಕೂ ಇದೊಂದೇ ಸೂಜಿ. ಕೊನೆಯ ಎರಡನ್ನು ಲಸಿಕೆ ಪೂರ್ತಿ ತಡೆಯದು, ಆದರೆ ರೋಗದ ಹಲ್ಲು ಕೀಳುತ್ತದೆ.

"ಹೋದ ತಿಂಗಳು ಹಾಕಿದ್ದೇ ಸಾಲದಾ ಡಾಕ್ಟ್ರೇ?" ಎಂದೆ.

"ಅಮ್ಮನ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಇನ್ನೂ ಮೈಯಲ್ಲಿದ್ರೆ, ಅದೇ ನಮ್ಮ ಲಸಿಕೆನೂ ಹೊಡೆದು ಹಾಕುತ್ತೆ ಮೇಡಂ. ಯಾವ ಮರೀಲಿ ಅದು ಯಾವ ವಾರ ಕರಗುತ್ತೆ ಅಂತ ಹೇಳಕ್ಕಾಗಲ್ಲ. ಅದಕ್ಕೇ ಎಂಟನೇ ವಾರ, ಹನ್ನೆರಡು, ಹದಿನಾರು. ಹದಿನಾರನೇ ವಾರದ್ದು ಮಾತ್ರ ತಪ್ಪಿಸಬೇಡಿ."

ಹೆಚ್ಚಿನವರು ತಪ್ಪಿಸುವುದು ಆ ಕೊನೆಯದನ್ನೇ. ಮರಿ ಗಟ್ಟಿಯಾಗಿದೆ, ಕುಣಿಯುತ್ತಿದೆ, ಇನ್ನೇಕೆ ಎನಿಸುತ್ತದೆ.

ಸೂಜಿ ಹೋದದ್ದು ಹೆಗಲ ನಡುವೆ ಅಲ್ಲ, ಹಿಂಗಾಲಿನ ಕೆಳಭಾಗಕ್ಕೆ. ತೀರಾ ಅಪರೂಪಕ್ಕೆ ಕೆಲವು ಬೆಕ್ಕುಗಳಲ್ಲಿ ಸೂಜಿ ಚುಚ್ಚಿದ ಜಾಗದಲ್ಲಿ ವರ್ಷಗಳ ಮೇಲೆ ಗೆಡ್ಡೆ ಬೆಳೆಯುವುದನ್ನು 1990ರ ದಶಕದಲ್ಲಿ ವೈದ್ಯರು ಗುರುತಿಸಿದರು. ಕಾಲಿನಲ್ಲಾದರೆ ಶಸ್ತ್ರಚಿಕಿತ್ಸೆ ಮಾಡಿ ಜೀವ ಉಳಿಸಬಹುದೆಂಬ ಲೆಕ್ಕ. ರೇಬೀಸ್ ಸೂಜಿ ಇನ್ನೊಂದು ಹಿಂಗಾಲಿಗೆ. ಆ ರೋಗ ಲಕ್ಷಣ ತೋರಿದ ಮೇಲೆ ಬೆಕ್ಕಿಗೂ ಮನುಷ್ಯರಿಗೂ ಚಿಕಿತ್ಸೆ ಇಲ್ಲ. ಬಾಗಿಲು ತೆರೆದಿದ್ದಾಗ ಮನೆಯ ಬೆಕ್ಕು ಒಂದು ಸಲ ಮೆಟ್ಟಿಲಿಳಿದು ಬೀದಿನಾಯಿಗೆ ಸಿಕ್ಕಿದರೂ ಸಾಕು. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ನಮ್ಮ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ನಾಯಿಗಳು ಸಾಲುಗಟ್ಟಿರುತ್ತವೆ, ಬೆಕ್ಕು ಕಾಣುವುದು ಕಡಿಮೆ. ಬೆಲ್ಲ ಎರಡನೇ ಸೂಜಿಗೆ ಒಮ್ಮೆ "ಮ್ಯಾ" ಎಂದು, ತಾನಾಗಿಯೇ ಕ್ಯಾರಿಯರಿನೊಳಗೆ ನುಗ್ಗಿದ. ಆ ಡಬ್ಬ ಹಜಾರದ ಮೂಲೆಯಲ್ಲಿ ಬಾಗಿಲು ತೆರೆದೇ ಇರುತ್ತದೆ. ಅವನ ಮಧ್ಯಾಹ್ನದ ನಿದ್ದೆಯೆಲ್ಲ ಅದರಲ್ಲೇ. ಅಟ್ಟದಿಂದ ವರ್ಷಕ್ಕೊಮ್ಮೆ ಇಳಿಸುವ ಬ್ಯಾಗಿಗೆ ಯಾವ ಬೆಕ್ಕೂ ಹೀಗೆ ಓಡಿ ಹೋಗುವುದಿಲ್ಲ.

ತಕ್ಷಣ ಹೊರಡಲು ಬಿಡಲಿಲ್ಲ. ಮುಖ ಊದುವುದು, ಮತ್ತೆ ಮತ್ತೆ ವಾಂತಿ, ಏದುಸಿರು ಏನಾದರೂ ಕಂಡರೆ ಕೂಡಲೇ ಕರೆಯಿರಿ ಎಂದು ಹೇಳಿ ಅರ್ಧ ಗಂಟೆ ಕೂರಿಸಿಕೊಂಡರು. ಅಜ್ಜಿಯ ಸರದಿ ಬಂದಿತ್ತು. ಒಳಗೆ ಹೋಗುವವರು ತಿರುಗಿ, "ಊರಲ್ಲಿ ಮಗಳ ಮನೇಲಿ ಮೂರು ಮರಿ ಇವೆ. ಅಲ್ಲಿ ದನದಾಸ್ಪತ್ರೇಲಿ ಈ ಇಂಜೆಕ್ಷನ್ ಸಿಗುತ್ತಾ?" ಎಂದರು. ಮೂರು ರೋಗದ್ದು ಖಾಸಗಿ ಅಂಗಡಿಯಿಂದ ತರಿಸಬೇಕಾಗಬಹುದು, ಐಸಿನ ಮೇಲಿಟ್ಟು ತರಬೇಕು, ಮೊದಲು ಅಲ್ಲಿಯ ಡಾಕ್ಟರನ್ನು ಕೇಳಿ ಎಂದೆ. ಲಸಿಕೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು.

ಮನೆಯಲ್ಲಿ ಬೇರೊಂದು ಕಾವಲು ಕಾದಿತ್ತು. ದಿನವೂ ಬೆಲ್ಲನ ತಲೆ ನೆಕ್ಕಿ ಮಲಗಿಸುವ ನಮ್ಮ ನಾಲ್ಕು ವರ್ಷದ ಬೆಕ್ಕು ಚುಕ್ಕಿ ಅವನನ್ನು ಮೂಸಿದವಳೇ ಹಿಂದೆ ಸರಿದು ಬುಸ್ಸೆಂದಳು. ಬೆಕ್ಕಿಗೆ ನೆಂಟತನವೆಲ್ಲ ವಾಸನೆಯಲ್ಲಿ. ಸ್ಪಿರಿಟ್ಟು, ಕೈಗವಸು, ಅಪರಿಚಿತ ನಾಯಿ ಎಲ್ಲ ಸೇರಿದ ಮೈಯಲ್ಲಿ ಅವಳ ಮರಿ ಇರಲಿಲ್ಲ. ಗದರಿಸಿದರೆ ಇನ್ನಷ್ಟು ಕೆಡುತ್ತದೆ. ಅವನನ್ನು ಬೇರೆ ಕೋಣೆಗೆ ಬಿಟ್ಟು, ಅವಳು ಮಲಗುವ ಟವೆಲಿನಿಂದ ಅವನ ಬೆನ್ನು, ಕೆನ್ನೆ ಸವರಿದೆ. ಸಂಜೆಯವರೆಗೆ ಅವನು ಮಂಕಾಗಿದ್ದ, ಊಟ ಅರ್ಧ ಬಿಟ್ಟ. ಒಂದು ದಿನ ಹೀಗಿರುವುದು ಸಹಜ, ಎರಡನೇ ದಿನವೂ ತಿನ್ನದಿದ್ದರೆ ಫೋನು ಮಾಡಬೇಕು. ಮುಂದಿನ ಸೂಜಿಗೆ ಇಬ್ಬರನ್ನೂ ಒಟ್ಟಿಗೇ ಕರೆದೊಯ್ಯುವುದೆಂದು ಕಾರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಚುಕ್ಕಿಯ ರೇಬೀಸ್ ಬೂಸ್ಟರೂ ಅದೇ ತಿಂಗಳು ಬರುತ್ತದೆ, ಇಬ್ಬರ ಮೈಗೂ ಒಂದೇ ವಾಸನೆ ಹತ್ತಿದರೆ ಬುಸ್ಸೆನ್ನಲು ಯಾರಿಗೂ ಕಾರಣವಿರುವುದಿಲ್ಲ.