ಕಬ್ಬಿನ ಕಟಾವಿನ ಬಿಡಾರಗಳಲ್ಲಿ ಸಂಚಾರಿ ಕಕ್ಕಸಿನ ಏರ್ಪಾಟು

ಕಬ್ಬು ಕಟಾವಿಗೆ ಬರುವ ಕಾಲದಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಸೀಮೆಗಳ ನೀರಾವರಿ ಹಳ್ಳಿಗಳಿಗೆ ದೂರದ ಊರುಗಳಿಂದ ಕಡಿಯುವವರ ತಂಡಗಳು ಬಂದಿಳಿಯುವುದು ಎಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ಗಂಡಸರು, ಹೆಂಗಸರು, ಎಳೆಯ ಮಕ್ಕಳು ಎಲ್ಲರೂ ಕೂಡಿ ಬಂದು, ಹೊಲದ ಅಂಚಿನಲ್ಲಿ ಗುಡಿಸಲುಗಳನ್ನು ಹಾಕಿಕೊಂಡು ಮೂರು ನಾಲ್ಕು ತಿಂಗಳು ಅಲ್ಲಿಯೇ ಇರುತ್ತಾರೆ. ಇವರು ಬರುವುದಕ್ಕೆ ಮೊದಲೇ ಜಮೀನುದಾರರು ಗುಡಿಸಲಿನ ಜಾಗ, ಕುಡಿಯುವ ನೀರು, ಎತ್ತುಗಳಿಗೆ ಮೇವು ಇವುಗಳ ವಿಷಯವಾಗಿ ಮೇಸ್ತ್ರಿಯ ಸಂಗಡ ಮಾತನಾಡಿರುತ್ತಾರೆ. ಇಷ್ಟು ಜನರು ಬೆಳಗಿನ ಜಾವದಲ್ಲಿ ಬಹಿರ್ದೆಸೆಗೆ ಎಲ್ಲಿಗೆ ಹೋಗತಕ್ಕದ್ದೆಂಬ ಮಾತನ್ನು ಮಾತ್ರ ಸಾಧಾರಣವಾಗಿ ಯಾರೂ ಎತ್ತುವುದಿಲ್ಲ. ಎತ್ತದಿದ್ದ ಮಾತ್ರಕ್ಕೆ ಅದು ನಿಲ್ಲುವುದೂ ಇಲ್ಲ. ನಾಲೆಯ ದಂಡೆ, ಹೊಲದ ಬದು, ಕಡಿಯದೆ ಉಳಿದ ಕಬ್ಬಿನ ಮರೆ, ಇವೇ ಆ ಸ್ಥಳಗಳಾಗುತ್ತವೆ.

ಆಳೊಂದಕ್ಕೆ ದಿನಕ್ಕೆ ಕಾಲು ಕಿಲೋಗ್ರಾಂ ಎಂದು ಕಡಿಮೆಯಾಗಿಯೇ ಲೆಕ್ಕ ಹಿಡಿದರೂ, ೪೦ ಜನರ ಬಿಡಾರದಿಂದ ದಿನಕ್ಕೆ ೧೦ ಕಿಲೋಗ್ರಾಂ, ೧೨೦ ದಿನಗಳಲ್ಲಿ ೧,೨೦೦ ಕಿಲೋಗ್ರಾಂ ಮಲವು ಆ ನೆಲದ ಮೇಲೆ ಬೀಳುತ್ತದೆ. ಇದು ಒಂದು ಎತ್ತಿನ ಗಾಡಿಯ ಹೊರೆಗಿಂತ ಮೇಲು. ಅದರಲ್ಲಿರುವ ಕೊಕ್ಕೆಹುಳುವಿನ ಮೊಟ್ಟೆಗಳು ತೇವವೂ ನೆರಳೂ ಇರುವ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿಯೇ ಒಡೆದು, ವಾರ ಹತ್ತು ದಿನಗಳೊಳಗಾಗಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಗುವಷ್ಟು ಬಲಿಯುತ್ತವೆ. ನೀರು ಹಾಯಿಸಿದ ಕಬ್ಬಿನ ಗದ್ದೆಯು ಇದಕ್ಕೆ ಹೇಳಿ ಮಾಡಿಸಿದ ಸ್ಥಳವಾಗಿದೆ. ಹುಳುವು ಕರುಳಿನಲ್ಲಿ ಕಚ್ಚಿಕೊಂಡು ರಕ್ತವನ್ನು ಹೀರುವುದರಿಂದ ಆಳುಗಳು ಬಿಳಿಚಿಕೊಂಡು ನಿಶ್ಶಕ್ತರಾಗುತ್ತಾರೆ. ಇದನ್ನು ಮೈಗಳ್ಳತನವೆಂದು ತಿಳಿಯುವ ಯಜಮಾನರೂ ಉಂಟು. ಜಂತುಹುಳುವಿನ ಮೊಟ್ಟೆಗಳಾದರೋ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ಜೀವದಿಂದಿರುತ್ತವೆ. ವಾಂತಿಭೇದಿ, ವಿಷಮಶೀತಜ್ವರಗಳ ಬೀಜವು ನಾಲೆಯ ನೀರಿನಲ್ಲಿ ಹರಿದು ಕೆಳಗಿನ ಊರನ್ನು ಸೇರುತ್ತದೆ. ಇವೆಲ್ಲಕ್ಕೂ ಮೇಲಾಗಿ, ಮರೆಯಿಲ್ಲದ ಬಿಡಾರದ ಹೆಂಗಸರು ಕತ್ತಲಾಗುವವರೆಗೂ ತಡೆದುಕೊಂಡು, ಅದಕ್ಕಾಗಿಯೇ ನೀರು ಕುಡಿಯುವುದನ್ನೂ ಬಿಟ್ಟು, ಬಿಸಿಲಿನಲ್ಲಿ ದುಡಿಯುತ್ತಾರೆ. ಕತ್ತಲಲ್ಲಿ ಹೋದಾಗ ಹಾವಿನ ಭಯವೂ ಅದಕ್ಕಿಂತ ಕೆಟ್ಟ ಭಯವೂ ಇವೆ.

ನಾಲ್ಕು ತಿಂಗಳ ಜನರಿಗಾಗಿ ಗಾರೆಯ ಕಕ್ಕಸನ್ನು ಕಟ್ಟಿಸುವುದು ಹೇಗೆ, ಮುಂದಿನ ವರ್ಷ ಬಿಡಾರವು ಬೇರೆ ಹೊಲದಲ್ಲಿ ಬೀಳುವುದಲ್ಲವೆ ಎಂಬ ಆಕ್ಷೇಪಣೆಯು ನ್ಯಾಯವಾದುದೇ ಆಗಿದೆ. ಆದಕಾರಣ ಸ್ಥಳದಿಂದ ಸ್ಥಳಕ್ಕೆ ಸಾಗಿಸಬಹುದಾದ ಕಕ್ಕಸುಗಳ ವಿಚಾರವನ್ನು ನೋಡಬೇಕಾಗುತ್ತದೆ. ಇವುಗಳಲ್ಲಿ ಅತಿ ಸರಳವಾದುದು ೨೦ ಲೀಟರಿನಷ್ಟು ಹಿಡಿಯುವ ಬಕೆಟ್ಟು, ಅದರ ಮೇಲೆ ಕೂರಲು ಒಂದು ಪೀಠ, ಬಿಗಿಯಾದ ಮುಚ್ಚಳ. ಪಾಶ್ಚಾತ್ಯ ದೇಶಗಳಲ್ಲಿ ಕಾಡುಮೇಡುಗಳಲ್ಲಿ ಗುಡಾರ ಹಾಕಿ ತಂಗುವವರು ಇದನ್ನು ವಿಶೇಷವಾಗಿ ಉಪಯೋಗಿಸುತ್ತಾರೆ. ಅಮೆರಿಕಾ ದೇಶದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಣಿವೆಯಲ್ಲಿ ಕೊಲೊರಾಡೊ ನದಿಯ ಮೇಲೆ ತೆಪ್ಪಗಳಲ್ಲಿ ಹೋಗುವವರು ತಮ್ಮ ಮಲವನ್ನು ಭದ್ರವಾದ ಪೆಟ್ಟಿಗೆಗಳಲ್ಲಿ ತುಂಬಿ ಹೊರಕ್ಕೆ ತರಲೇಬೇಕೆಂಬ ನಿಯಮವಿದೆ. ದಡದ ಮರಳಿನಲ್ಲಿ ಹೂಳುವುದಕ್ಕೂ ಅಲ್ಲಿ ಅಪ್ಪಣೆಯಿಲ್ಲ.

ಈ ಬಕೆಟ್ಟಿನ ದುರ್ಗಂಧವನ್ನು ನಿವಾರಿಸುವ ಉಪಾಯವು ಹಳೆಯದು. ಇಂಗ್ಲೆಂಡಿನ ಪಾದ್ರಿ ಹೆನ್ರಿ ಮೂಲ್ ಎಂಬಾತನು ಒಣಗಿದ ಪುಡಿಮಣ್ಣನ್ನು ಮಲದ ಮೇಲೆ ಹಾಕಿದರೆ ವಾಸನೆಯು ಅಡಗಿ ಅದು ಬೇಗನೆ ಮಣ್ಣಾಗುವುದೆಂದು ಕಂಡುಕೊಂಡು, ೧೮೬೦ರಲ್ಲಿ ಮಣ್ಣು ಸುರಿಯುವ ಕಕ್ಕಸಿಗೆ ಪೇಟೆಂಟು ಪಡೆದನು. ಪ್ರತಿ ಸಲಕ್ಕೂ ಎರಡು ಬೊಗಸೆ ಒಣಮಣ್ಣು ಸಾಕು. ಮಣ್ಣಿಗೆ ಬದಲಾಗಿ ಬೂದಿ, ಮರದ ಹೊಟ್ಟು ಅಥವಾ ಪುಡಿಮಾಡಿದ ಒಣ ತರಗನ್ನೂ ಹಾಕಬಹುದು. ತತ್ತ್ವವು ಉತ್ತಮವಾದುದು. ಆದರೆ ಬಕೆಟ್ಟನ್ನೇ ನಮ್ಮ ಬಿಡಾರಗಳಿಗೆ ತರುವುದರಲ್ಲಿ ಎರಡು ಅಡ್ಡಿಗಳಿವೆ. ಮೊದಲನೆಯದು, ಪಾಶ್ಚಾತ್ಯರು ಕಾಗದದಿಂದ ಒರೆಸಿಕೊಳ್ಳುವರು, ನಮ್ಮವರು ನೀರಿನಿಂದ ತೊಳೆದುಕೊಳ್ಳುವರು. ಆಳೊಂದಕ್ಕೆ ಒಂದು ಚೊಂಬು ನೀರು ಬಿದ್ದರೆ ಬಕೆಟ್ಟು ಮಧ್ಯಾಹ್ನದೊಳಗೆ ತುಂಬಿ, ಒಣಮಣ್ಣೆಲ್ಲ ಕೆಸರಾಗಿ, ನಾತವು ಇಮ್ಮಡಿಯಾಗುತ್ತದೆ.

ಎರಡನೆಯ ಅಡ್ಡಿಯು ಇದಕ್ಕಿಂತಲೂ ದೊಡ್ಡದು. ತುಂಬಿದ ಬಕೆಟ್ಟನ್ನು ಯಾರು ಹೊರತಕ್ಕದ್ದು? ಆ ಮಹಾಕಣಿವೆಯ ಯಾತ್ರಿಕರ ತಂಡವು ತನ್ನದನ್ನು ತಾನೇ ಹೊತ್ತು ತರುತ್ತದೆ. ನಮ್ಮ ದೇಶದಲ್ಲಿ ಒಣಮಣ್ಣಿನ ಕಕ್ಕಸುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಜೈಲುಗಳಿಗೂ ದಂಡಿನ ಬಿಡಾರಗಳಿಗೂ ಬಂದಾಗ, ಹೊರುವ ಕೆಲಸವು ಕೆಲವು ಜಾತಿಗಳ ತಲೆಯ ಮೇಲೆ ಬಿದ್ದು, ಅಲ್ಲಿಯೇ ನಿಂತಿತು. ಕರ್ನಾಟಕದಲ್ಲಿ ೧೯೭೦ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಇಡೀ ದೇಶಕ್ಕೆ ಸಂಬಂಧಿಸಿದ ಕಾನೂನುಗಳಾದುವು. ೨೦೧೩ರ ಕಾನೂನಿನ ಪ್ರಕಾರ, ಪೂರ್ಣವಾಗಿ ಕೊಳೆಯದ ಮಲವನ್ನು ಮನುಷ್ಯನ ಕೈಯಿಂದ ತೆಗೆಯಿಸುವುದೂ, ಹಾಗೆ ತೆಗೆಯಬೇಕಾಗುವ ಕಕ್ಕಸನ್ನು ಕಟ್ಟಿಸುವುದೂ ಅಪರಾಧಗಳು. ಮೊದಲನೆಯ ಸಲವೇ ಒಂದು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು. ಆದುದರಿಂದ ಬಿಡಾರದಲ್ಲಿ ನಾಲ್ಕು ಬಕೆಟ್ಟುಗಳನ್ನಿಟ್ಟು, ಊರಿನ ಯಾರೋ ಒಬ್ಬ ಬಡವನಿಗೆ ದಿನಗೂಲಿ ಕೊಟ್ಟು ಅವುಗಳನ್ನು ಖಾಲಿ ಮಾಡಿಸುವ ಏರ್ಪಾಟನ್ನು ಯಾವ ಮುಖಂಡರೂ ಒಪ್ಪತಕ್ಕದ್ದಲ್ಲ. ಅವನು ತಾನಾಗಿಯೇ ಒಪ್ಪಿಕೊಂಡನೆಂಬ ಸಮಾಧಾನವು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಲಾರಿಯ ಮೇಲೆ ಬರುವ ಸಂಚಾರಿ ಕಕ್ಕಸುಗಳು ಈಗ ಬಾಡಿಗೆಗೆ ದೊರೆಯುತ್ತವೆ. ಇವುಗಳ ತೊಟ್ಟಿಯನ್ನು ಯಂತ್ರದಿಂದ ಹೀರಿ ತೆಗೆಯುವರು. ದನಗಳ ಜಾತ್ರೆಯಂತಹ ನಾಲ್ಕೆಂಟು ದಿನಗಳ ನೆರವಿಗೆ ಇವು ಅನುಕೂಲವಾದರೂ, ತೊಟ್ಟಿಯಲ್ಲಿರುವುದನ್ನು ಯಾವ ಶುದ್ಧೀಕರಣ ಸ್ಥಾವರಕ್ಕೆ ಒಯ್ಯುವರೆಂಬುದನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಬರೆಯಿಸದಿದ್ದಲ್ಲಿ ಅದು ರಾತ್ರಿ ಹೊತ್ತಿನಲ್ಲಿ ಯಾವುದಾದರೊಂದು ಹಳ್ಳಕ್ಕೆ ಇಳಿಯುವ ಸಂಭವವುಂಟು. ವಾಸನೆಗೆಂದು ಹಾಕುವ ನೀಲಿ ದ್ರಾವಣಗಳಲ್ಲಿ ಕೆಲವು ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುವುದರಿಂದ, ಅಂತಹ ಮಲವನ್ನು ಹೊಲದ ಗೊಬ್ಬರಗುಂಡಿಗೆ ಸೇರಿಸತಕ್ಕದ್ದಲ್ಲ.

ಹೀಗಿರುವಲ್ಲಿ ಕಟಾವಿನ ಬಿಡಾರಕ್ಕೆ ತಕ್ಕುದಾದ ಕ್ರಮವು ಯಾವುದೆಂದರೆ, ಮಲವನ್ನು ಸಾಗಿಸದೆ ಕಕ್ಕಸನ್ನೇ ಸಾಗಿಸುವುದು. ನೆಲದಲ್ಲಿ ಚಿಕ್ಕ ಕಂದಕವನ್ನು ತೋಡಿ, ಅದರ ಮೇಲೆ ಎತ್ತಿಕೊಂಡು ಹೋಗಬಹುದಾದ ಮರೆಯನ್ನು ನಿಲ್ಲಿಸಿ, ಕಂದಕವು ತುಂಬುತ್ತಲೇ ಮಣ್ಣು ಮುಚ್ಚಿ, ಮರೆಯನ್ನು ಮುಂದಿನ ಕಂದಕದ ಮೇಲೆ ಇಡುವುದೇ ಈ ಕ್ರಮ. ಬಿದ್ದದ್ದನ್ನು ಯಾರ ಕೈಯೂ ಮುಟ್ಟುವ ಪ್ರಸಂಗವಿಲ್ಲ. ಗುಡಾರಗಳ ಊರನ್ನು ಕಟ್ಟಿದವರೆಲ್ಲರೂ ಯಾವುದಾದರೊಂದು ರೂಪದಲ್ಲಿ ಕಂದಕವನ್ನೇ ಆಶ್ರಯಿಸಿದ್ದಾರೆ. ೧೯೨೪ನೆಯ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆದಾಗ ಆ ಬಿಡಾರದ ಶೌಚದ ಕೆಲಸಕ್ಕೆ ಸ್ವಯಂಸೇವಕರೇ ಕೈಹಾಕಿದುದನ್ನು ಇಲ್ಲಿ ಸ್ಮರಿಸಬಹುದು.

ಕಂದಕವು ೧ ಅಡಿ ಅಗಲ, ೪ ಅಡಿ ಉದ್ದ, ೨½ ಅಡಿ ಆಳವಿರಲಿ. ಅಗಲವನ್ನು ಹೆಚ್ಚಿಸಬಾರದು. ಎರಡು ಕಡೆಯೂ ಕಾಲಿಟ್ಟು ಕೂರಲು ಒಂದಡಿಯೇ ಸರಿ, ಮಕ್ಕಳು ಬೀಳುವ ಭಯವೂ ಇರುವುದಿಲ್ಲ. ಎರಡು ಅಂಚುಗಳಲ್ಲಿಯೂ ಗಟ್ಟಿಯಾದ ಹಲಗೆಗಳನ್ನು ಹಾಸತಕ್ಕದ್ದು. ಅಗೆದ ಮಣ್ಣನ್ನು ತಲೆಯ ಕಡೆಗೆ ಗುಡ್ಡೆ ಹಾಕಿ, ಹೆಂಟೆಗಳನ್ನು ಒಡೆದು ಪುಡಿಮಾಡಿ, ಅದರಲ್ಲಿ ಒಂದು ತೆಂಗಿನ ಚಿಪ್ಪನ್ನೋ ಹಳೆಯ ಡಬ್ಬಿಯನ್ನೋ ಇಟ್ಟರೆ, ಪ್ರತಿಯೊಬ್ಬರೂ ಏಳುವಾಗ ಮಣ್ಣು ಹಾಕಿ ಬರುವುದು ಸುಲಭವಾಗುತ್ತದೆ. ೨೦ ಜನರಿಗೆ ಒಂದು ಕಂದಕ ಬೇಕು. ೪೦ ಜನರ ಬಿಡಾರಕ್ಕೆ ಹೆಂಗಸರಿಗೊಂದು, ಗಂಡಸರಿಗೊಂದು, ಬೇರೆ ಬೇರೆ ದಿಕ್ಕಿಗೆ ಇರಬೇಕು. ಮೇಲಿನ ಒಂದಡಿಯನ್ನು ಬಿಟ್ಟು ತುಂಬಿಸಿದಲ್ಲಿ ಇಂತಹ ಕಂದಕವು ೨೦ ಜನರಿಗೆ ಹತ್ತು ಹನ್ನೊಂದು ದಿವಸ ಬರುತ್ತದೆ. ೧೨೦ ದಿನಗಳಿಗೆ ಹನ್ನೆರಡು ಕಂದಕಗಳು. ಒಂದಕ್ಕೊಂದು ೨ ಅಡಿ ಅಂತರವಿಟ್ಟರೆ ೭೨ ಅಡಿಗಳ ಒಂದು ಸಾಲು ಸಾಕು. ಯಾವ ಬದುವಿನ ಪಕ್ಕದಲ್ಲಿಯೂ ಇಷ್ಟು ಜಾಗವು ದೊರೆಯುತ್ತದೆ.

ಮರೆಗೆ ನಾಲ್ಕು ಬಿದಿರಿನ ತಡಿಕೆಗಳನ್ನು ಮಾಡಿಸಿ, ಅವಕ್ಕೆ ಗೋಣಿತಾಟನ್ನೋ ತೆಂಗಿನ ಗರಿಯನ್ನೋ ಕಟ್ಟಿದರೆ ಇಬ್ಬರು ಎತ್ತಿಕೊಂಡು ಹೋಗಬಹುದು. ಎತ್ತರವು ೬ ಅಡಿಗೆ ಕಡಿಮೆಯಿರಬಾರದು. ಬಾಗಿಲಿಗೆ ಒಳಗಿನಿಂದ ಹಾಕುವ ಅಗುಳಿ ಇರಲೇಬೇಕು. ರಾತ್ರಿ ಒಂದು ದೀಪ ಇರಲಿ, ಸೂರ್ಯನ ಬಿಸಿಲಿನಿಂದ ತುಂಬಿಕೊಳ್ಳುವ ಚಿಕ್ಕ ದೀಪಗಳು ಈಗ ಅಲ್ಪ ಬೆಲೆಗೆ ಸಿಕ್ಕುತ್ತವೆ. ಅಗುಳಿಯೂ ದೀಪವೂ ಇಲ್ಲದ ಕಕ್ಕಸಿಗೆ ಹೆಂಗಸರು ಹೋಗುವುದಿಲ್ಲ, ಅವರು ಹೋಗದಿದ್ದ ಮೇಲೆ ಖರ್ಚೆಲ್ಲವೂ ವ್ಯರ್ಥವೇ ಸರಿ. ಇದೇ ಕಾರಣದಿಂದ ಅದು ಗುಡಿಸಲುಗಳಿಗೆ ೫೦ ಗಜಗಳೊಳಗೆ ಇರಬೇಕು. ಬಾವಿ, ಕೊಳವೆ ಬಾವಿ, ನಾಲೆಗಳಿಂದಾದರೋ ೧೦೦ ಅಡಿಗೆ ಕಡಿಮೆಯಿಲ್ಲದಂತೆ, ಇಳಿಜಾರಿನ ಕೆಳಗಡೆಗೆ ಇರಬೇಕು. ಕಂದಕದ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ಮಧ್ಯೆ ೫ ಅಡಿ ಒಣನೆಲವಿರತಕ್ಕದ್ದು. ಕೆಂಪು ಗೋಡುಮಣ್ಣಿನಲ್ಲಿ ಇಷ್ಟು ಸಾಕು. ಬೇಸಗೆಯಲ್ಲಿ ಬಿರುಕು ಬಿಡುವ ಎರೆಭೂಮಿಯಲ್ಲಿ, ಮತ್ತು ಕೆಳಗೆ ಸೀಳುಬಂಡೆಯಿರುವೆಡೆಗಳಲ್ಲಿ, ಮಲಿನವು ಸೀಳುಗಳ ಮೂಲಕ ದೂರಕ್ಕೆ ಹರಿಯುವುದರಿಂದ ಬಾವಿಯ ಅಂತರವನ್ನು ಇನ್ನೂ ಹೆಚ್ಚಿಸಬೇಕು. ನಾಲೆಯ ಕೆಳಗಿನ ಜೌಗುನೆಲದಲ್ಲಿ ಕಂದಕವನ್ನು ತೋಡಲೇಬಾರದು. ಬಿಡಾರವನ್ನೇ ಮೇಲ್ನೆಲಕ್ಕೆ ಸರಿಸುವುದು ಲೇಸು.

ತೊಳೆದುಕೊಳ್ಳುವ ನೀರನ್ನು ಕೆಂಪುಮಣ್ಣು ಹೀರಿಕೊಳ್ಳುತ್ತದೆ. ಎರೆಮಣ್ಣು ಹೀರುವುದಿಲ್ಲ. ಅಲ್ಲಿ ತಡಿಕೆಯೊಳಗೆಯೇ ಕಂದಕದಿಂದ ಎರಡಡಿ ಪಕ್ಕಕ್ಕೆ ಒಂದು ಚಪ್ಪಡಿಯನ್ನು ಹಾಕಿ, ತೊಳೆದ ನೀರು ಜಲ್ಲಿ ತುಂಬಿದ ಗುಂಡಿಗೆ ಇಳಿಯುವಂತೆ ಮಾಡಬೇಕು. ಹೊರಗೆ ಕೈ ತೊಳೆಯಲು ನಲ್ಲಿಯಿರುವ ಒಂದು ಡ್ರಮ್ಮು, ಸಾಬೂನು ಇರಬೇಕು. ಎಳೆಯ ಮಕ್ಕಳ ಮಲವು ನಿರಪಾಯವೆಂದು ತಾಯಂದಿರು ಭಾವಿಸಿ ಗುಡಿಸಲಿನ ಮುಂದೆಯೇ ಬಿಡುವುದುಂಟು. ಜಂತುಹುಳುವಿನ ಬಾಧೆಯು ಮಕ್ಕಳಲ್ಲಿಯೇ ಹೆಚ್ಚಾದುದರಿಂದ ಅದನ್ನೂ ಸಲಿಕೆಯಿಂದೆತ್ತಿ ಕಂದಕಕ್ಕೆ ಹಾಕುವಂತೆ ತಿಳಿಯಹೇಳಬೇಕು.

ಇನ್ನು ಗೊಬ್ಬರದ ವಿಚಾರ. ಹೊಲದಲ್ಲಿ ಕುರಿಮಂದೆ ತಂಗಿಸಿಕೊಳ್ಳಲು ಹಣವನ್ನೋ ಕಾಳನ್ನೋ ಕೊಡುವ ರೈತನಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಒಬ್ಬ ಮನುಷ್ಯನಿಂದ ವರ್ಷಕ್ಕೆ ಸುಮಾರು ೨½ ಕಿಲೋಗ್ರಾಂ ಸಾರಜನಕವು ಹೊರಬೀಳುತ್ತದೆ. ಇದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮೇಲ್ಪಟ್ಟು ಇರುವುದು ಮಲದಲ್ಲಲ್ಲ, ಮೂತ್ರದಲ್ಲಿ. ೪೦ ಜನರಿಂದ ನಾಲ್ಕು ತಿಂಗಳಲ್ಲಿ ೩೩ ಕಿಲೋಗ್ರಾಂ, ಎಂದರೆ ೪೫ ಕಿಲೋಗ್ರಾಂ ತೂಕದ ಯೂರಿಯಾ ಚೀಲಗಳು ಒಂದೂವರೆಯಲ್ಲಿರುವಷ್ಟು. ಅರ್ಧವು ಗಾಳಿಗೆ ಹೋಯಿತೆಂದರೂ ಉಳಿದುದು ಬಿಟ್ಟುಕೊಡತಕ್ಕದ್ದಲ್ಲ. ರೋಗದ ಅಪಾಯವು ಮೂತ್ರದಲ್ಲಿ ಮಲದಲ್ಲಿರುವುದಕ್ಕಿಂತ ಬಹಳ ಕಡಿಮೆ. ಆದುದರಿಂದ ಗಂಡಸರ ಮೂತ್ರಕ್ಕೆ ಬೇರೆ ಮರೆಯನ್ನು ಮಾಡಿ, ಕೆಳಗೆ ಒಂದು ತಗ್ಗಿನಲ್ಲಿ ಕಬ್ಬಿನ ತರಗನ್ನು, ಉತ್ತರದ ಸೀಮೆಗಳಲ್ಲಿ ರವದಿ ಎನ್ನುವುದನ್ನು, ಎರಡಡಿ ದಪ್ಪಕ್ಕೆ ಹರಡಬೇಕು. ಕೊಟ್ಟಿಗೆಯಲ್ಲಿ ಗಂಜಲವನ್ನು ಹೀರಿಸಲು ಹುಲ್ಲು ಹಾಸುವುದೂ ಇದೇ ತತ್ತ್ವದ ಮೇಲೆಯೇ. ತರಗು ತಾನಾಗಿ ಬೇಗ ಕೊಳೆಯುವುದಿಲ್ಲ, ಅದರಲ್ಲಿ ಸಾರಜನಕವು ಬಹು ಸ್ವಲ್ಪ. ಮೂತ್ರವು ಆ ಕೊರತೆಯನ್ನು ತುಂಬುತ್ತದೆ. ನೆನೆದ ತರಗನ್ನು ಸೆಗಣಿಯ ಸಂಗಡ ಗೊಬ್ಬರದ ಗುಂಡಿಗೆ ಸೇರಿಸುವುದಾದರೆ, ತರಗಿಗೆ ಬೆಂಕಿಯಿಟ್ಟು ಸುಡುವ ಕೆಟ್ಟ ಅಭ್ಯಾಸಕ್ಕೆ ಕಾರಣವೂ ಕಡಿಮೆಯಾಗುತ್ತದೆ.

ಕಂದಕದಲ್ಲಿರುವ ಮಲವನ್ನಾದರೋ ಅಲ್ಲಿಂದ ತೆಗೆಯತಕ್ಕದ್ದಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡನು ೧೯೨೪ರಿಂದ ೧೯೩೧ರ ವರೆಗೆ ನಡೆಸಿದ ಪ್ರಯೋಗಗಳೂ, ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ರೂಪಿಸಿ ‘ಬೆಂಗಳೂರು ಪದ್ಧತಿ’ ಎಂದು ಹೆಸರಾದ ಕಂದಕದ ಕ್ರಮವೂ ಕಸದೊಂದಿಗೆ ಮಲವು ಉತ್ತಮ ಗೊಬ್ಬರವಾಗುವುದನ್ನು ತೋರಿಸಿಕೊಟ್ಟಿವೆ. ಅವುಗಳಲ್ಲಿ ಮಲವನ್ನು ತಂದು ಪದರಪದರವಾಗಿ ಹರಡಬೇಕು. ಅದು ಯಾರ ಕೈಯಿಂದ ಆಗುತ್ತಿತ್ತೆಂಬುದನ್ನು ಮೇಲೆಯೇ ಹೇಳಿದೆ. ಬಿಡಾರದ ಕಂದಕದಲ್ಲಿ ಮಲವು ಇದ್ದಲ್ಲಿಯೇ ಮಣ್ಣಾಗಬೇಕು. ತುಂಬಿದ ಮೇಲೆ ಉಳಿದ ಒಂದಡಿಗೆ ಮಣ್ಣು ಹಾಕಿ, ದಮ್ಮಸು ಮಾಡಿ, ಮೇಲೆ ಅರ್ಧ ಅಡಿ ದಿಂಡು ಏರಿಸಬೇಕು. ಸಡಿಲವಾಗಿ ಮುಚ್ಚಿದಲ್ಲಿ ಕೆಳಗೆ ಹುಟ್ಟಿದ ನೊಣಗಳು ಮಣ್ಣನ್ನು ತೂರಿಕೊಂಡು ಮೇಲೆ ಬರುತ್ತವೆ. ಎರಡು ತುದಿಗಳಲ್ಲಿಯೂ ಗೂಟ ನೆಟ್ಟು, ಒಂದು ವರ್ಷದ ವರೆಗೆ ಅಲ್ಲಿ ನೇಗಿಲಾಗಲಿ ಟ್ರಾಕ್ಟರಾಗಲಿ ಹೋಗದಂತೆ ಕಾಯಬೇಕು. ಮಳೆ ಬಿದ್ದ ಮೇಲೆ ದಿಂಡಿನ ಪಕ್ಕದಲ್ಲಿ ಬಾಳೆಯ ಕಂದನ್ನೋ ತೆಂಗಿನ ಸಸಿಯನ್ನೋ ನೆಡಬಹುದು. ಈರುಳ್ಳಿ, ಮೂಲಂಗಿ, ಕೊತ್ತಂಬರಿ, ಸೌತೆ ಮೊದಲಾಗಿ ಹಸಿಯಾಗಿ ತಿನ್ನುವ ಯಾವುದನ್ನೂ ಅಲ್ಲಿ ಬೆಳೆಯತಕ್ಕದ್ದಲ್ಲ.

ಕಂದಕ ತೋಡುವುದೂ ಮುಚ್ಚುವುದೂ ಸಾಮಾನ್ಯ ಮಣ್ಣಿನ ಕೆಲಸಗಳು. ಹೆಂಗಸರದಕ್ಕೂ ಗಂಡಸರದಕ್ಕೂ ಕೂಡಿ ಇಪ್ಪತ್ತುನಾಲ್ಕು ಕಂದಕಗಳು. ಬದು ಹಾಕುವ ಆಳುಗಳಿಂದ, ಅದೇ ಕೂಲಿಯ ದರದಲ್ಲಿ, ಬಿಡಾರವು ಬರುವುದಕ್ಕೆ ಮುಂಚೆಯೇ ಮೊದಲ ನಾಲ್ಕನ್ನು ತೋಡಿಸಿ ಹಲಗೆ ಮುಚ್ಚಿಡುವುದು ಒಳ್ಳೆಯದು. ಈ ಕೆಲಸಕ್ಕೆಂದು ಒಂದು ಕೇರಿಯವರನ್ನೇ ಕರೆಸುವ ಹಳೆಯ ರೂಢಿಗೆ ಇಲ್ಲಿ ಅವಕಾಶ ಕೊಡಬಾರದು. ಕಕ್ಕಸನ್ನು ಸಾಗಿಸುವ ಸರದಿಯನ್ನು ಮೇಸ್ತ್ರಿಯು ತಂಡದವರಲ್ಲಿಯೇ ಗೊತ್ತುಮಾಡಬಹುದು. ಬಿಡಾರವು ಎದ್ದ ದಿವಸ ಜಮೀನುದಾರರು ತಾವೇ ಸಾಲಿನ ಉದ್ದಕ್ಕೂ ನಡೆದು ಗೂಟಗಳನ್ನು ಎಣಿಸಿ ನೋಡಿ, ಹಲಗೆಗಳನ್ನು ಸುಣ್ಣದ ನೀರಿನಿಂದ ತೊಳೆಯಿಸಿ ಬಿಸಿಲಿಗೆ ಒಣಗಿಸಿ, ತಡಿಕೆಗಳನ್ನು ಬಿಚ್ಚಿ ಕಟ್ಟುಕಟ್ಟಿ ಆಲೆಮನೆಯ ಅಟ್ಟದಲ್ಲಿಡಿಸಿದರೆ, ಗೋಣಿತಾಟನ್ನು ಬದಲಾಯಿಸುವುದರ ಹೊರತು ಮುಂದಿನ ಕಟಾವಿಗೆ ಬೇರೆ ಖರ್ಚು ಬೀಳುವುದಿಲ್ಲ.