ಹದಿನೇಳು ವ್ಯಾಟ್

2008ರ ಸೆಪ್ಟೆಂಬರ್ 10ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ತನ್ನ ಹೊಸ ಕಣ ವೇಗವರ್ಧಕವನ್ನು ಚಾಲೂ ಮಾಡಿದಾಗ ನಮ್ಮ ಟಿ.ವಿ. ವಾಹಿನಿಗಳು ಭೂಮಿಯನ್ನೇ ನುಂಗುವ ಕಪ್ಪುರಂಧ್ರದ ಮಾತಾಡುತ್ತಿದ್ದವು. ಒಂಬತ್ತು ದಿನಗಳ ಮೇಲೆ ಅಲ್ಲಿ ಅಪಘಾತವೇನೋ ಆಯಿತು. ಕಾರಣ ಮಾತ್ರ ಎರಡು ಕಾಂತಗಳ ನಡುವಿನ ಒಂದು ಕೆಟ್ಟ ಬೆಸುಗೆ.

ನೆಲದಡಿ ಸುಮಾರು ನೂರು ಮೀಟರ್ ಆಳದಲ್ಲಿ 27 ಕಿ.ಮೀ. ಸುತ್ತಳತೆಯ ಸುರಂಗ. ಅದರಲ್ಲಿ 1,232 ಮುಖ್ಯ ಕಾಂತಗಳು. ಒಂದೊಂದೂ 15 ಮೀಟರ್ ಉದ್ದ, 35 ಟನ್ ತೂಕ. ಇವನ್ನು ಕೂದಲೆಳೆಯಷ್ಟು ನಿಖರವಾಗಿ ಕೂರಿಸಲು ಭಾರತ ಸುಮಾರು 7,000 ಜಾಕ್‌ಗಳನ್ನು ಕಳಿಸಿತ್ತು. ಅವುಗಳಲ್ಲಿ ಒಂದು ಪಾಲು ಬೆಂಗಳೂರಿನಲ್ಲಿ ತಯಾರಾದದ್ದು. ಕಾಂತಗಳನ್ನು ದ್ರವ ಹೀಲಿಯಂ ಮೈನಸ್ 271.3 ಡಿಗ್ರಿಯಲ್ಲಿ ಇಟ್ಟಿರುತ್ತದೆ. ಆ ಚಳಿಯಲ್ಲಿ ತಂತಿಗೆ ವಿದ್ಯುತ್ ರೋಧವೇ ಇಲ್ಲ. ತಂತಿ ತಂತಿ ಕೂಡುವ ಬೆಸುಗೆಯಲ್ಲೂ ಅದು ಒಂದು ನ್ಯಾನೋ ಓಮ್‌ಗಿಂತ ಕಡಿಮೆ ಇರಬೇಕು.

ಒಂದು ಬೆಸುಗೆಯಲ್ಲಿ ಅದು ಸುಮಾರು 220 ನ್ಯಾನೋ ಓಮ್ ಇತ್ತು. ಒಂದು ಓಮನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ 220 ಚೂರು! ಸೆಪ್ಟೆಂಬರ್ 19ರ ಪರೀಕ್ಷೆಯಲ್ಲಿ ಹರಿಯುತ್ತಿದ್ದ ವಿದ್ಯುತ್ತು ಸುಮಾರು 8,700 ಆಂಪಿಯರ್. ಶಾಲೆಯಲ್ಲಿ ಕಲಿತ ಸೂತ್ರ ಹಾಕಿ ನೋಡಿ, ಆ ಬೆಸುಗೆಯಲ್ಲಿ ಹುಟ್ಟಿದ ಶಾಖ ಹದಿನೇಳು ವ್ಯಾಟಿನ ಆಸುಪಾಸು. ಅಡುಗೆಮನೆಯ ಎಲ್ಇಡಿ ಬಲ್ಬಿನಷ್ಟು. ಅಷ್ಟು ಚಳಿಯಲ್ಲಿ ಅದೇ ಅತಿಯಾಯಿತು. ಬೆಸುಗೆ ಕರಗಿತು, ಕಿಡಿ ಹಾರಿತು, ಹೀಲಿಯಂ ಕೊಳವೆಗೆ ತೂತು ಬಿತ್ತು.

ಆರು ಟನ್ ಹೀಲಿಯಂ ಹೊರಬಿತ್ತು. ಬೆಚ್ಚಗಾಗಿ ಅನಿಲವಾದರೆ ಅದು ಸುಮಾರು ಮೂರೂವರೆ ಕೋಟಿ ಲೀಟರ್. ಒತ್ತಡಕ್ಕೆ ಕಾಂತಗಳ ಆಧಾರಗಳು ಕಾಂಕ್ರೀಟ್ ನೆಲದಿಂದಲೇ ಕಿತ್ತು ಬಂದವು. ಕೊನೆಗೆ 53 ಕಾಂತಗಳನ್ನು ಮೇಲಕ್ಕೆ ಸಾಗಿಸಬೇಕಾಯಿತು.

ಗಾಯಗೊಂಡವರ ಸಂಖ್ಯೆ: ಸೊನ್ನೆ. ಇಡೀ ಕಥೆಯಲ್ಲಿ ನನ್ನನ್ನು ಬೆರಗುಗೊಳಿಸುವ ಅಂಕಿ ಇದೇ. ಇದು ಅದೃಷ್ಟವಲ್ಲ; ಕಾಂತಗಳಿಗೆ ಅಷ್ಟು ವಿದ್ಯುತ್ ಹರಿಸುವಾಗ ಸುರಂಗದಲ್ಲಿ ಯಾರೂ ಇರಕೂಡದೆಂಬ ನಿಯಮ. ಕಣಗಳ ಕಿರಣ ಓಡಿಸಲು ಬಿಗಿ ಇನ್ನೂ ಹೆಚ್ಚು. ಒಳಹೋಗುವವರ ಕಣ್ಣಿನ ಪಾಪೆಯನ್ನು ಯಂತ್ರ ಗುರುತಿಸಬೇಕು, ಪ್ರತಿಯೊಬ್ಬರೂ ಒಂದು ಕೀಲಿ ಒಯ್ಯಬೇಕು. ಅಷ್ಟೂ ಕೀಲಿಗಳು ತಮ್ಮ ಜಾಗಕ್ಕೆ ಮರಳುವ ತನಕ ಕಿರಣ ಹೊರಡುವುದೇ ಇಲ್ಲ. ನೂರಕ್ಕೂ ಹೆಚ್ಚು ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ವಿಜ್ಞಾನಿಗಳು ಕಾದು ಕುಳಿತಿದ್ದರೂ, ಯಾರದೋ ಜೇಬಿನಲ್ಲಿ ಉಳಿದ ಒಂದು ಕೀಲಿಯ ಮುಂದೆ ಯಾರ ದರ್ಪವೂ ನಡೆಯದು.

ದುರಸ್ತಿಯ ದಿನಗಳಲ್ಲಿ ಒಳಗೆ ಜನ ಇರುತ್ತಾರಲ್ಲ, ಅವರಿಗೆ ಇಳಿದು ಹತ್ತಲು ಇರುವುದು ಎಂಟೇ ಜಾಗ. ಎರಡರ ನಡುವೆ ಸಿಕ್ಕಿಕೊಂಡವರಿಗೆ ಹತ್ತಿರದ ಲಿಫ್ಟು ಒಂದೂವರೆ ಕಿ.ಮೀ.ಗೂ ದೂರ. ಸೋರಿದ ಹೀಲಿಯಂ ವಿಷವಲ್ಲ, ಉಸಿರಾಡುವ ಗಾಳಿಯನ್ನು ತಳ್ಳಿ ಅದರ ಜಾಗ ಹಿಡಿಯುತ್ತದೆ, ಅಷ್ಟೆ. ಹಗುರವಾದ್ದರಿಂದ ಚಾವಣಿಗೆ ಏರುತ್ತದೆ. ಹಾಗಾಗಿ ತಗ್ಗಿಕೊಂಡು ನಡೆಯಬೇಕು. ಹೆಗಲಲ್ಲಿ ಆಮ್ಲಜನಕ ಕೊಡುವ ಮುಖವಾಡ ಇರಲೇಬೇಕು, ಅದನ್ನು ಹಾಕಿಕೊಳ್ಳುವ ತರಬೇತಿಯೂ ಆಗಿರಬೇಕು.

ಯಂತ್ರ ಮತ್ತೆ ಓಡಿದ್ದು ಹದಿನಾಲ್ಕು ತಿಂಗಳ ನಂತರ, 2009ರ ನವೆಂಬರಿನಲ್ಲಿ. ಬೆಸುಗೆಗಳ ಮೇಲೆ ಪೂರಾ ನಂಬಿಕೆ ಬಾರದೆ, ಅದನ್ನು ಮೊದಲು ಅರ್ಧ ಶಕ್ತಿಗೇ ನಿಲ್ಲಿಸಿ, ಆಮೇಲೆ ತುಸುವಷ್ಟೇ ಏರಿಸಿದರು. 2012ರ ಜುಲೈ 4ರಂದು ಜಗತ್ತಿಗೆ ಸಾರಿದ ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿದ್ದು ಹಾಗೆ ಹಿಡಿದು ಹಿಡಿದು ಓಡಿಸಿದ ಯಂತ್ರದಲ್ಲೇ. 2013ರಲ್ಲಿ ಅದನ್ನು ಮತ್ತೆ ನಿಲ್ಲಿಸಿ, ಕಾಂತಗಳ ನಡುವಿನ ಹತ್ತು ಸಾವಿರಕ್ಕೂ ಹೆಚ್ಚು ಬೆಸುಗೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಭದ್ರಪಡಿಸಿದರು.